ಕ್ರೀಡಾಂಗಣ ನಡೆಸುವ ವಿದ್ಯೆ

ರೇಡಿಯೋದಲ್ಲಿ ಪಂದ್ಯದ ವಿವರಣೆ ಕೇಳುವಾಗ ವಿವರಣಕಾರನ ಮಾತಿನ ಹಿಂದೆ ಇನ್ನೊಂದು ಸದ್ದು ಬರುವುದನ್ನು ನೀವು ಗಮನಿಸಿರಬಹುದು. ದೂರದ ಕಡಲಿನ ಮೊರೆತದಂತೆ ಒಮ್ಮೆ ಏರಿ ಒಮ್ಮೆ ಇಳಿಯುವ ಆ ಸದ್ದು ಮೂವತ್ತು ನಲವತ್ತು ಸಾವಿರ ಜನರದು. ಬ್ಯಾಟು ಬೀಸಿದವನ ಹೆಸರು ನಮಗೆ ಗೊತ್ತು; ಚೆಂಡು ಎಸೆದವನ ಊರು, ವಯಸ್ಸುಗಳೂ ಗೊತ್ತು. ಆದರೆ ಅಷ್ಟು ಜನರನ್ನು ಬಾಗಿಲಲ್ಲಿ ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟವರು ಯಾರು? ಅವರಿಗೆ ಕುಡಿಯುವ ನೀರು ಒದಗಿಸಿದವರು ಯಾರು? ಬೆಂಕಿ ಬಿದ್ದರೆ ಎಷ್ಟು ನಿಮಿಷದಲ್ಲಿ ಎಲ್ಲರನ್ನೂ ಹೊರಗೆ ಕಳುಹಿಸಬಹುದೆಂದು ಲೆಕ್ಕ ಹಾಕಿದವರು ಯಾರು? ಪಂದ್ಯವಿಲ್ಲದ ಮುನ್ನೂರು ದಿನಗಳಲ್ಲಿ ಆ ಕಟ್ಟಡದ ಸಾಲಕ್ಕೆ ಬಡ್ಡಿ ಹುಟ್ಟುವುದೆಲ್ಲಿಂದ? ಇದನ್ನು ವಿವರಣಕಾರ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ನಮ್ಮ ಜಾತ್ರೆಗೆ ಒಬ್ಬ ಪಾರುಪತ್ತೇಗಾರನಿದ್ದ; ನಾಟಕದ ಕಂಪನಿಗೆ ಒಬ್ಬ ಮ್ಯಾನೇಜರಿದ್ದ. ಗೇಟಿನ ಬಳಿ ನಿಂತು ಅಂದಿನ ಕಲೆಕ್ಷನ್ ಎಷ್ಟಾಗಬಹುದೆಂದು ಕಣ್ಣಳತೆಯಲ್ಲೇ ಹೇಳಬಲ್ಲ ಮನುಷ್ಯ ಅವನು. ಅದನ್ನು ಅವನು ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಕ್ರೀಡಾಂಗಣಗಳೂ ಬಹುಕಾಲ ಹಾಗೆಯೇ ನಡೆದವು. ಈ ಕೆಲಸಕ್ಕೂ ಒಂದು ಓದು ಬೇಕು, ಪರೀಕ್ಷೆ ಬೇಕು, ಪದವಿ ಬೇಕು ಎಂಬ ವಿಚಾರ ವಿಶ್ವವಿದ್ಯಾನಿಲಯದ ಬಾಗಿಲು ದಾಟಿ ಅರುವತ್ತು ವರ್ಷಗಳಷ್ಟೇ ಆದುವು. ಆ ವಿಚಾರ ಹೇಗೆ ಹುಟ್ಟಿತು, ಅದು ಮೊದಲು ಏನನ್ನು ಕಲಿಸಿತು, ಯಾವುದನ್ನು ಕಲಿಸುವುದಕ್ಕೆ ತಡಮಾಡಿತು ಎಂಬುದನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಹೆಸರನ್ನು ನೋಡೋಣ. ಪಂಡಿತ ಪರೀಕ್ಷೆಗೆ ಓದಿದವನಿಗೆ ಶಬ್ದವನ್ನು ಬಿಡಿಸದೆ ಮುಂದೆ ಹೋಗಲು ಮನಸ್ಸು ಬಾರದು. ಸ್ಟೇಡಿಯಂ ಎಂಬ ಮಾತು ಮೂಲದಲ್ಲಿ ಗ್ರೀಕರದು. ಮೊದಲಿಗೆ ಅದು ಅಂಗಳದ ಹೆಸರಲ್ಲ, ಅಳತೆಯ ಹೆಸರು. ನಮ್ಮ ಮಾರು, ಹರದಾರಿಗಳಂತೆ. ಆರು ನೂರು ಅಡಿಗೆ ಒಂದು ಸ್ಟೇಡಿಯಾನ್. ಒಲಿಂಪಿಯದ ಓಟದ ಹಾದಿ ಇಂದಿನ ಲೆಕ್ಕದಲ್ಲಿ ಸುಮಾರು 192 ಮೀಟರು. ಅಷ್ಟು ದೂರದ ಓಟಕ್ಕೆ ಆ ಹೆಸರಾಯಿತು, ಓಡುವ ನೆಲಕ್ಕಾಯಿತು, ಕಡೆಗೆ ನೋಡುವವರು ಕುಳಿತುಕೊಳ್ಳುವ ಕಟ್ಟಡಕ್ಕಾಯಿತು. ಅರೀನ ಎಂಬ ಇನ್ನೊಂದು ಮಾತಿಗೆ ಲ್ಯಾಟಿನ್ ಭಾಷೆಯಲ್ಲಿ ಮರಳು ಎಂದೇ ಅರ್ಥ. ರೋಮಿನ ಕತ್ತಿಕಾಳಗದ ಕಣದಲ್ಲಿ ಹರಡುತ್ತಿದ್ದ ಮರಳು. ಎರಡು ಹೆಸರುಗಳಲ್ಲಿ ಒಂದಾದರೂ ಪ್ರೇಕ್ಷಕನನ್ನು ಕುರಿತದ್ದಲ್ಲ.

ಆದರೂ ಗ್ರೀಕರಲ್ಲಿ ಒಂದು ಸೊಗಸಾದ ಪದ್ಧತಿಯಿತ್ತು. ಒಲಿಂಪಿಯದ ಕೂಟವನ್ನು ನಡೆಸುವ ಹೊಣೆ ಎಲಿಸ್ ಎಂಬ ನಾಡಿನದು. ಅಲ್ಲಿ ಆರಿಸಿ ಬಂದ ತೀರ್ಪುಗಾರರು ಕೂಟಕ್ಕೆ ಮುಂಚೆ ಹತ್ತು ತಿಂಗಳು ಒಂದು ಮನೆಯಲ್ಲಿ ಒಟ್ಟಿಗೆ ವಾಸಮಾಡಿ, ಧರ್ಮಪಾಲಕರಿಂದ ತಮ್ಮ ಕರ್ತವ್ಯವನ್ನು ಕಲಿಯಬೇಕಾಗಿತ್ತೆಂದು ಕ್ರಿಸ್ತಶಕ ಎರಡನೆಯ ಶತಮಾನದ ಪ್ರವಾಸಿ ಪೌಸೇನಿಯಸ್ ಬರೆದಿಟ್ಟಿದ್ದಾನೆ. ಕೂಟ ನಡೆಸುವವನಿಗೆ ಹತ್ತು ತಿಂಗಳ ಗುರುಕುಲವಾಸ! ಆ ಬಳಿಕ ಇಷ್ಟು ದೀರ್ಘವಾದ ಶಿಕ್ಷಣ ಈ ಕೆಲಸಕ್ಕೆ ದೊರೆಯಲು ಹದಿನೆಂಟು ಶತಮಾನಗಳಷ್ಟು ಕಾಯಬೇಕಾಯಿತು.

ರೋಮಿನವರು ಕಟ್ಟುವುದರಲ್ಲಿ ನಿಸ್ಸೀಮರು. ಕ್ರಿ.ಶ. 80ರಲ್ಲಿ ತೆರೆದ ಕಲೊಸಿಯಂ ಎಂಬ ಮಹಾರಂಗಕ್ಕೆ 80 ಕಮಾನು ಬಾಗಿಲುಗಳು. ಅವುಗಳಲ್ಲಿ 76ಕ್ಕೆ ಸಂಖ್ಯೆ ಕೆತ್ತಿದ್ದರು. ಕೆಲವು ಸಂಖ್ಯೆಗಳು ಇಂದಿಗೂ ಅಲ್ಲಿ ಕಾಣುತ್ತವೆ. ಜನ ತಮ್ಮ ಬಾಗಿಲನ್ನು ಹುಡುಕಿ ಒಳಗೆ ಹೋಗಬೇಕಾಗಿತ್ತು. ಆದರೆ ಇದಕ್ಕೆ ಅರ್ಧ ಶತಮಾನದ ಹಿಂದೆ, ಕ್ರಿ.ಶ. 27ರಲ್ಲಿ, ರೋಮಿಗೆ ಸಮೀಪದ ಫಿಡೇನೆ ಎಂಬ ಊರಿನಲ್ಲಿ ಅಟಿಲಿಯಸ್ ಎಂಬಾತ ಲಾಭದಾಸೆಯಿಂದ ಮರದ ರಂಗವೊಂದನ್ನು ಎಬ್ಬಿಸಿದ. ಗಟ್ಟಿ ನೆಲ ನೋಡಲಿಲ್ಲ, ತೊಲೆಗಳನ್ನು ಬಿಗಿಯಾಗಿ ಜೋಡಿಸಲಿಲ್ಲ. ತುಂಬಿದ ರಂಗ ಕುಸಿಯಿತು. ಸತ್ತವರು, ಕೈಕಾಲು ಕಳೆದುಕೊಂಡವರು ಸೇರಿ ಐವತ್ತು ಸಾವಿರ ಎಂದು ಟ್ಯಾಸಿಟಸ್ ಎಂಬ ಇತಿಹಾಸಕಾರನ ಲೆಕ್ಕ. ಪುರಾತನರ ಸಂಖ್ಯೆಗಳನ್ನು ಸ್ವಲ್ಪ ಉಪ್ಪು ಹಾಕಿಯೇ ಉಣ್ಣಬೇಕು. ಆದರೆ ಅನಾಹುತ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಅನಂತರ ರೋಮಿನ ಸೆನೆಟ್ ಸಭೆ ಒಂದು ಕಟ್ಟಳೆ ಮಾಡಿತು: ನಾಲ್ಕು ಲಕ್ಷ ಸೆಸ್ಟರ್ಸ್ ನಾಣ್ಯಗಳಿಗಿಂತ ಕಡಿಮೆ ಆಸ್ತಿಯುಳ್ಳವನು ಇಂಥ ಪ್ರದರ್ಶನ ಏರ್ಪಡಿಸಕೂಡದು, ಗಟ್ಟಿಯೆಂದು ಪರೀಕ್ಷಿಸದ ನೆಲದ ಮೇಲೆ ರಂಗ ಕಟ್ಟಕೂಡದು. ಅಟಿಲಿಯಸ್ಸನನ್ನು ಗಡೀಪಾರು ಮಾಡಿದರು. ಇಲ್ಲಿ ಒಂದು ವಿಷಯವನ್ನು ಗಮನಿಸಿರಿ. ನಡೆಸುವವನ ಹತ್ತಿರ ಹಣವಿರಬೇಕೆಂದು ಕಟ್ಟಳೆ ಕೇಳಿತು. ಕೆಲಸ ಬಲ್ಲವನಾಗಿರಬೇಕೆಂದು ಕೇಳಲಿಲ್ಲ.

ಇನ್ನು ನಡುವಿನ ಶತಮಾನಗಳನ್ನು ದಾಟಿ ಲಂಡನ್ನಿಗೆ ಬರೋಣ. ವೆಂಬ್ಲೆ ಕ್ರೀಡಾಂಗಣವನ್ನು ಮುನ್ನೂರು ದಿನಗಳಲ್ಲಿ, ಏಳೂವರೆ ಲಕ್ಷ ಪೌಂಡು ವೆಚ್ಚದಲ್ಲಿ ಕಟ್ಟಿ ಮುಗಿಸಿದರು. ಅಲ್ಲಿ ಮೊದಲ ಪಂದ್ಯ 1923ರ ಏಪ್ರಿಲ್ 28ರಂದು. ಇಂಗ್ಲೆಂಡಿನ ಫುಟ್‌ಬಾಲ್ ಸಂಘದ ಕಪ್ಪಿನ ಅಂತಿಮ ಪಂದ್ಯ. ಇಷ್ಟು ದೊಡ್ಡ ಅಂಗಣ ತುಂಬುವುದುಂಟೆ ಎಂದು ಸಾಮಾನ್ಯ ಜನರಿಗೆ ಮುಂಗಡ ಟಿಕೀಟು ಕಡ್ಡಾಯ ಮಾಡದೆ ಬಾಗಿಲಲ್ಲೇ ಹಣ ಪಡೆದು ಬಿಟ್ಟರು. ಮಧ್ಯಾಹ್ನ ಒಂದೂ ಮುಕ್ಕಾಲಿಗೆ ಬಾಗಿಲು ಮುಚ್ಚಬೇಕಾಯಿತು. ಮುಚ್ಚಿದ ಬಾಗಿಲಿನ ಹೊರಗಿದ್ದವರು ಗೋಡೆ ಹತ್ತಿದರು, ತಡೆಗಳನ್ನು ಮುರಿದರು. ಅಧಿಕೃತ ಲೆಕ್ಕ 1,26,047. ನಿಜವಾಗಿ ಬಂದವರು ಎರಡು ಲಕ್ಷಕ್ಕೂ ಮೇಲೆಂದು ಅಂದಾಜು. ಜನ ಆಟದ ನೆಲವನ್ನೇ ತುಂಬಿಕೊಂಡರು. ಜಾರ್ಜ್ ಸ್ಕೋರಿ ಎಂಬ ಪೋಲೀಸಿನವನು ಬಿಲ್ಲಿ ಎಂಬ ಕುದುರೆಯ ಮೇಲೆ ಕುಳಿತು, ಮೆಲ್ಲಮೆಲ್ಲನೆ ಜನರನ್ನು ಹಿಂದಕ್ಕೆ ಸರಿಸಿದ. ಮುಕ್ಕಾಲು ಗಂಟೆ ತಡವಾಗಿ ಆಟ ಆರಂಭವಾಯಿತು. ಆ ಪಂದ್ಯಕ್ಕೆ ಬಿಳಿ ಕುದುರೆಯ ಪಂದ್ಯವೆಂದೇ ಹೆಸರಾಯಿತು. ಕುದುರೆ ಜಾಣ ಕುದುರೆಯೇ. ಏಳೂವರೆ ಲಕ್ಷ ಪೌಂಡಿನ ಕಟ್ಟಡದ ಮಾನವನ್ನು ಅದು ಕಾಯಬೇಕಾಗಿ ಬಂದುದು ಮಾತ್ರ ಕಟ್ಟಿದವರಿಗೆ ಶೋಭೆ ತರುವ ಸಂಗತಿಯಲ್ಲ.

ವೆಂಬ್ಲೆಯ ಎರಡನೆಯ ತೊಡಕು ಹಣದ್ದು. 1924 ಮತ್ತು 25ರಲ್ಲಿ ಅಲ್ಲಿ ದೊಡ್ಡ ಸಾಮ್ರಾಜ್ಯ ಪ್ರದರ್ಶನ ನಡೆಯಿತು. ಅದು ಮುಗಿದ ಮೇಲೆ ಕ್ರೀಡಾಂಗಣಕ್ಕೆ ದಿಕ್ಕಿಲ್ಲವಾಯಿತು. ವರ್ಷಕ್ಕೊಂದು ಕಪ್ಪಿನ ಪಂದ್ಯ, ಅಪರೂಪಕ್ಕೆ ಇನ್ನೊಂದು. ಉಳಿದ ದಿನಗಳಲ್ಲಿ ಹುಲ್ಲು ಬೆಳೆಯುತ್ತಿತ್ತು, ಬಡ್ಡಿಯೂ ಬೆಳೆಯುತ್ತಿತ್ತು. ಆಗ ಬಂದವನು ಆರ್ಥರ್ ಎಲ್ವಿನ್. ಮೊದಲ ಮಹಾಯುದ್ಧದಲ್ಲಿ ವಿಮಾನದಳದಲ್ಲಿದ್ದು ಸೆರೆಸಿಕ್ಕಿ ಹಿಂದಿರುಗಿದವನು. ಅದೇ ಪ್ರದರ್ಶನದಲ್ಲಿ ವಾರಕ್ಕೆ ನಾಲ್ಕೂವರೆ ಪೌಂಡು ಸಂಬಳಕ್ಕೆ ಸಿಗರೇಟಿನ ಅಂಗಡಿಯಲ್ಲಿ ನಿಂತವನು. ಪ್ರದರ್ಶನ ಮುಚ್ಚಿದಾಗ ಅದರ ಕಟ್ಟಡಗಳನ್ನು ಕೆಡವಿ ಸಾಮಾನು ಮಾರುವ ಗುತ್ತಿಗೆ ಹಿಡಿದ. ಕ್ರೀಡಾಂಗಣವನ್ನೂ ಕೆಡವುವ ಮಾತು ಎದ್ದಾಗ, ಕೆಡವುವ ಗುತ್ತಿಗೆದಾರನೇ ಅದನ್ನು ಉಳಿಸಹೊರಟ. 1927ರಲ್ಲಿ 1,27,000 ಪೌಂಡಿಗೆ ವ್ಯವಹಾರ ಕುದುರಿಸಿ, ಕಂಪನಿ ಕಟ್ಟಿ, ತಾನು ಅದರ ಮುಖ್ಯಸ್ಥನಾದ.

ಎಲ್ವಿನ್ ಕಂಡುಕೊಂಡ ಗುಟ್ಟು ಯಾವ ಕಾಲಕ್ಕೂ ಕ್ರೀಡಾಂಗಣ ವ್ಯಾಪಾರದ ಮೊದಲ ಪಾಠ. ಇಂಥ ಕಟ್ಟಡ ಮಾರುವ ಸರಕು ಆಟವಲ್ಲ, ದಿನ. ಹೇಗೆಂದರೆ, ಹಾಲು ಮಾರುವವನಿಗೆ ಇಂದು ಉಳಿದ ಹಾಲು ನಾಳೆಗೆ ಒಡೆಯುವಂತೆ, ಇಂದು ಖಾಲಿ ಹೋದ ಕುರ್ಚಿಯನ್ನು ನಾಳೆ ಮಾರಲಾಗುವುದಿಲ್ಲ. ಆದ್ದರಿಂದ ಅವನು ದಿನಗಳನ್ನು ತುಂಬಹೊರಟ. 1927ರ ಡಿಸೆಂಬರಿನಲ್ಲಿ ಬೇಟೆನಾಯಿಗಳ ಓಟ ತಂದ. ಅದರ ಹಿಂದೆ 1929ರಲ್ಲಿ ಮೋಟಾರ್ ಸೈಕಲ್ ಪಂದ್ಯ. 1934ರಲ್ಲಿ ಪಕ್ಕದಲ್ಲೇ ಈಜುಕೊಳದ ಭವನ ಕಟ್ಟಿಸಿದ. 1948ರಲ್ಲಿ ಒಲಿಂಪಿಕ್ ಕೂಟ ಅಲ್ಲಿಯೇ ನಡೆಯಿತು. ಎಲ್ವಿನ್ 1957ರಲ್ಲಿ ತೀರಿಕೊಂಡ. ಅವನ ನಾಯಿಓಟಗಳು ಎಷ್ಟು ಗಟ್ಟಿಯಾಗಿ ಬೇರೂರಿದ್ದುವೆಂದರೆ, 1966ರ ವಿಶ್ವಕಪ್ಪಿನಲ್ಲಿ ಉರುಗ್ವೇ ಮತ್ತು ಫ್ರಾನ್ಸ್ ದೇಶಗಳ ಪಂದ್ಯ ಬಿದ್ದ ದಿನ ನಾಯಿಓಟವನ್ನು ನಿಲ್ಲಿಸಲು ವೆಂಬ್ಲೆಯವರು ಒಪ್ಪಲಿಲ್ಲ. ಪಂದ್ಯವನ್ನೇ ಲಂಡನ್ನಿನ ಇನ್ನೊಂದು ಅಂಗಣಕ್ಕೆ ಸಾಗಿಸಿದರು! ಲೆಕ್ಕದ ಪುಸ್ತಕದ ದೃಷ್ಟಿಯಿಂದ ಅದು ಸರಿಯೇ. ಆದರೆ ಎಲ್ವಿನ್ನನ ವಿದ್ಯೆ ಎಲ್ವಿನ್ನನ ತಲೆಯಲ್ಲಿತ್ತು. ಅವನ ಹಿಂದೆ ಬರುವವನು ಅದನ್ನು ಎಲ್ಲಿ ಕಲಿಯಬೇಕು?

ಈ ಪ್ರಶ್ನೆಯನ್ನು ಕಾಗದದ ಮೇಲೆ ಬರೆದು ಕೇಳಿದವರು ಅಮೆರಿಕದವರೊಬ್ಬರು, ಅದೂ ಅದೇ 1957ರಲ್ಲಿ. ಅಮೆರಿಕದಲ್ಲಿ ಸಭಾಭವನಗಳ ಮ್ಯಾನೇಜರುಗಳು 1924ರಷ್ಟು ಹಿಂದೆಯೇ ಒಂದು ಸಂಘ ಕಟ್ಟಿಕೊಂಡು ತಮ್ಮತಮ್ಮ ಅನುಭವಗಳನ್ನು ಹಂಚಿಕೊಳ್ಳುತ್ತಿದ್ದರು. ಆದರೆ ಹಂಚಿಕೊಳ್ಳುವುದು ಬೇರೆ, ಕಲಿಸುವುದು ಬೇರೆ. ವಾಲ್ಟರ್ ಒಮ್ಯಾಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಡಾಡ್ಜರ್ಸ್ ಎಂಬ ಬೇಸ್‌ಬಾಲ್ ತಂಡದ ಒಡೆಯರು, ಕಾನೂನು ಓದಿದವರು. ಅವರ ತಂಡದ ಹಳೆಯ ಅಂಗಣ 1913ರದು. ಹಿಡಿಸುತ್ತಿದ್ದುದು ಸುಮಾರು 32,000 ಜನ. ಕಾರು ನಿಲ್ಲಿಸಲು ಜಾಗ ಏಳು ನೂರಕ್ಕೆ. ಹೊಸ ಅಂಗಣಕ್ಕೆ ನಗರದವರು ಒಪ್ಪುವ ಜಾಗ ಇವರಿಗೆ ಬೇಡ, ಇವರು ಕೇಳಿದ ಜಾಗವನ್ನು ಅವರು ಕೊಡರು. ಕಡೆಗೆ 1957ರ ಪಂದ್ಯಗಳು ಮುಗಿದ ಮೇಲೆ ತಂಡವನ್ನೇ ಎಬ್ಬಿಸಿಕೊಂಡು ಭೂಖಂಡದ ಮತ್ತೊಂದು ತುದಿಯ ಲಾಸ್ ಏಂಜಲೀಸಿಗೆ ಹೊರಟರು.

ಆ ವರ್ಷ ಅವರು ಮಯಾಮಿ ವಿಶ್ವವಿದ್ಯಾನಿಲಯದ ವ್ಯಾಯಾಮ ಶಿಕ್ಷಣದ ಅಧ್ಯಾಪಕ ಜೇಮ್ಸ್ ಮೇಸನ್ ಎಂಬವರಿಗೆ ಒಂದು ಕಾಗದ ಬರೆದರು. ಅದರ ತಾತ್ಪರ್ಯ ಇಷ್ಟು: ಕ್ರೀಡಾಂಗಣ, ಕುದುರೆಪಂದ್ಯದ ಬಯಲು, ಸಭಾಭವನ, ನಾಟಕಶಾಲೆ, ವಸ್ತುಪ್ರದರ್ಶನದ ಕಟ್ಟಡ ಇವುಗಳನ್ನು ನಡೆಸುವುದಕ್ಕೆಂದೇ ಓದಿ ತಯಾರಾದ ಮನುಷ್ಯ ಬೇಕಾದರೆ ನಾನು ಎಲ್ಲಿಗೆ ಹೋಗಿ ಹುಡುಕಲಿ? ಅಂಥವನಿಗೆ ಶಿಲ್ಪಿಗಳ, ಇಂಜಿನಿಯರುಗಳ ನಕ್ಷೆ ಓದಲು ಬರಬೇಕು. ಗುತ್ತಿಗೆ ಕರೆಯಲು ಬರಬೇಕು. ಸಾಮಾನು ಕೊಳ್ಳುವುದು, ಟಿಕೀಟು ಮಾರುವುದು, ಅದರ ಲೆಕ್ಕ ಇಡುವುದು, ತಿಂಡಿ ಪಾನೀಯಗಳ ಅಂಗಡಿಗಳನ್ನು ಗೊತ್ತುಪಡಿಸುವುದು, ಜಾಹೀರಾತು ಹಿಡಿಯುವುದು ಗೊತ್ತಿರಬೇಕು. ಎಂತಹ ಪಟ್ಟಿ ನೋಡಿರಿ! ನಮ್ಮ ಹಳೆಯ ಅರ್ಥಶಾಸ್ತ್ರಗಳಲ್ಲಿ ಬರುವ ಅಧ್ಯಕ್ಷರ ಪಟ್ಟಿಗಳು ನೆನಪಾಗುತ್ತವೆ.

ಮೇಸನ್ ಈ ಕಾಗದವನ್ನು ಮಡಿಸಿ ಇಡಲಿಲ್ಲ. ಪಠ್ಯಕ್ರಮವೊಂದನ್ನು ಬರೆದರು. ಮಯಾಮಿಯಲ್ಲಿ ಅದು ಜಾರಿಗೆ ಬರಲಿಲ್ಲ. ಅವರು ಅಲ್ಲಿಂದ ಓಹಾಯೋ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಥೆನ್ಸ್ ಎಂಬ ಊರಿನಲ್ಲಿರುವ (ಗ್ರೀಕರ ಹೆಸರು ಇಲ್ಲಿಯೂ ಬೆನ್ನು ಬಿಡಲಿಲ್ಲ) ಆ ವಿಶ್ವವಿದ್ಯಾನಿಲಯದಲ್ಲಿ 1966ರಲ್ಲಿ ಕ್ರೀಡಾಡಳಿತದ ಸ್ನಾತಕೋತ್ತರ ಪದವಿ ಆರಂಭವಾಯಿತು. ಈ ಬಗೆಯ ಪದವಿಗಳಲ್ಲಿ ಅದೇ ಮೊದಲನೆಯದು. ಒಂದು ಕಾಗದ ಪದವಿಯಾಗಲು ಒಂಬತ್ತು ವರ್ಷ ಹಿಡಿಯಿತು.

ಓದಿದ ಮ್ಯಾನೇಜರು ಏಕೆ ಬೇಕಾಗಿತ್ತೆಂಬುದಕ್ಕೆ ಆ ಒಂಬತ್ತು ವರ್ಷಗಳೊಳಗೇ ಎರಡು ನಿದರ್ಶನಗಳು ಒದಗಿದುವು. ಒಮ್ಯಾಲಿಯವರ ಸ್ವಂತ ಅಂಗಣ 1962ರ ಏಪ್ರಿಲ್ 10ರಂದು ಲಾಸ್ ಏಂಜಲೀಸಿನಲ್ಲಿ ತೆರೆಯಿತು. 56,000 ಆಸನ, ಸುತ್ತಲೂ ಸಾವಿರಾರು ಕಾರುಗಳಿಗೆ ಜಾಗ, ಕಣ್ಣು ತುಂಬುವ ಬೆಟ್ಟದ ನೋಟ. ಆದರೆ ಪ್ರೇಕ್ಷಕರು ನೀರು ಕುಡಿಯಬೇಕೆಂದರೆ ನಲ್ಲಿಯಿಲ್ಲ! ಇದ್ದ ಎರಡು ನಲ್ಲಿಗಳು ಆಟಗಾರರ ಕಟ್ಟೆಗಳಲ್ಲಿದ್ದುವು. ಮರೆತೆವು ಎಂದರು ಒಡೆಯರ ಕಡೆಯವರು. ಪಾನೀಯ ಹೆಚ್ಚು ಮಾರಾಟವಾಗಲೆಂದು ಬೇಕೆಂದೇ ಬಿಟ್ಟರು ಎಂದರು ಊರವರು. ನಕ್ಷೆ ಓದಬಲ್ಲ ಮ್ಯಾನೇಜರು ಬೇಕೆಂದು ಬರೆದವರ ನಕ್ಷೆಯಲ್ಲೇ ಹೀಗಾಯಿತು. ಇನ್ನೊಂದು ಹ್ಯೂಸ್ಟನ್ನಿನ ಆಸ್ಟ್ರೊಡೋಮ್. 1965ರಲ್ಲಿ ತೆರೆದ, ಛಾವಣಿಯುಳ್ಳ ಮಹಾಂಗಣ. ಹುಲ್ಲಿಗೆ ಬಿಸಿಲು ಬೇಕೆಂದು ಛಾವಣಿಗೆ ಪಾರದರ್ಶಕ ಹಲಗೆಗಳನ್ನು ಹೊದಿಸಿದರು. ಬಿಸಿಲ ಝಳಪಿಗೆ ಆಟಗಾರರಿಗೆ ಮೇಲೆದ್ದ ಚೆಂಡು ಕಾಣದಾಯಿತು. ಹಲಗೆಗಳಿಗೆ ಬಣ್ಣ ಬಳಿದರು. ಚೆಂಡು ಕಂಡಿತು, ಹುಲ್ಲು ಸತ್ತಿತು. 1966ರಲ್ಲಿ ಕೃತಕ ಹುಲ್ಲಿನ ಜಮಖಾನೆ ಹಾಸಿದರು. ಒಂದು ದೋಷವನ್ನು ತಿದ್ದಹೋಗಿ ಕೃತಕ ಹುಲ್ಲಿಗೆ ಆ ಅಂಗಣದ ಹೆಸರೇ ಅಂಟಿಕೊಂಡಿತು.

ಈಗ ಆ ಪಟ್ಟಿಯನ್ನು ಮತ್ತೊಮ್ಮೆ ಓದಿ ನೋಡಿರಿ. ನಕ್ಷೆ, ಗುತ್ತಿಗೆ, ಟಿಕೀಟು, ಲೆಕ್ಕ, ತಿಂಡಿ, ಜಾಹೀರಾತು. ಆ ಕಾಗದದಿಂದ ಪಠ್ಯಪುಸ್ತಕಗಳು ಮತ್ತೆ ಮತ್ತೆ ಎತ್ತಿ ಕೊಡುವ ಭಾಗದಲ್ಲಿ ಜನಸಂದಣಿಯ ಮಾತು ಇಲ್ಲ. ಬಾಗಿಲ ಬಳಿ ಬಂದವನು ಟಿಕೀಟು ಕೊಂಡವನೂ ಹೌದು, ಎಲುಬು ಮಾಂಸವಿರುವ ಮನುಷ್ಯನೂ ಹೌದು. ಕ್ರೀಡಾಂಗಣದ ಬಾಗಿಲಲ್ಲಿ ಇರುವ ಟರ್ನ್‌ಸ್ಟೈಲ್ ಎಂಬ ತಿರುಗುಬಾಗಿಲು ಒಂದು ಸುತ್ತಿಗೆ ಎರಡು ಎಣಿಕೆ ಮಾಡುತ್ತದೆ: ಒಂದು ಹಣದ್ದು, ಇನ್ನೊಂದು ತಲೆಯದು. ವ್ಯಾಪಾರದ ವಿದ್ಯೆ ಮೊದಲ ಎಣಿಕೆಯನ್ನು ಬೇಗ ಕಲಿಯಿತು. ಎರಡನೆಯದನ್ನು ಕಲಿಯಲು ಹೆಣಗಳನ್ನು ಎಣಿಸಬೇಕಾಯಿತು.

ಓಹಾಯೋ ಸಂಸ್ಥಾನದಲ್ಲೇ, ಆ ಪದವಿ ಹುಟ್ಟಿ ಹದಿಮೂರು ವರ್ಷಗಳಾದ ಮೇಲೆ, 1979ರ ಡಿಸೆಂಬರ್ 3ರ ಸಂಜೆ ಸಿನ್ಸಿನಾಟಿ ನಗರದ ಕ್ರೀಡಾಭವನದಲ್ಲಿ ಸಂಗೀತ ಕಚೇರಿಯಿತ್ತು. ಬಹುಪಾಲು ಟಿಕೀಟುಗಳಿಗೆ ಆಸನಸಂಖ್ಯೆಯಿರಲಿಲ್ಲ. ಮೊದಲು ಬಂದವನಿಗೆ ಮುಂದಿನ ಜಾಗ. ಸಾವಿರಾರು ತರುಣರು ಕಾಯುತ್ತಿದ್ದರು. ತೆರೆದ ಬಾಗಿಲುಗಳು ಕೆಲವೇ. ನೂಕುನುಗ್ಗಲಿನಲ್ಲಿ ಬಾಗಿಲ ಬಳಿಯೇ 11 ಮಂದಿ ಉಸಿರುಕಟ್ಟಿ ಸತ್ತರು. ಒಳಗೆ ಕಚೇರಿ ನಡೆದು ಮುಗಿಯಿತು.

ಇಂಗ್ಲೆಂಡಿನಲ್ಲಿ ಈ ಪಾಠ ಇನ್ನೂ ಹಿಂದೆಯೇ ಶುರುವಾಗಿತ್ತು. 1946ರ ಮಾರ್ಚ್ 9ರಂದು ಬೋಲ್ಟನ್ ನಗರದ ಬರ್ನ್‌ಡನ್ ಪಾರ್ಕಿನಲ್ಲಿ ಜನ ಮಿತಿಮೀರಿ ಸೇರಿ 33 ಮಂದಿ ಸತ್ತರು. ವಿಚಾರಣೆ ನಡೆಸಿದ ಮೋಲ್ವಿನ್ ಹ್ಯೂಸ್, ಒಳಗೆ ಹೋದವರ ಸಂಖ್ಯೆಯನ್ನು ಯಂತ್ರದಿಂದ ಎಣಿಸಿ ಮಿತಿ ಮುಟ್ಟುತ್ತಲೇ ಬಾಗಿಲು ಮುಚ್ಚುವ ಏರ್ಪಾಡಾಗಬೇಕು, ಅಂಗಣಗಳಿಗೆ ಲೈಸೆನ್ಸು ಇರಬೇಕು ಎಂದು ಹೇಳಿದರು. ವರದಿ ಕಪಾಟು ಸೇರಿತು. 1971ರ ಜನವರಿ 2ರಂದು ಗ್ಲಾಸ್ಗೊ ನಗರದ ಐಬ್ರಾಕ್ಸ್ ಅಂಗಣದ ಮೆಟ್ಟಿಲ ಮೇಲೆ 66 ಮಂದಿ ಸತ್ತ ಮೇಲೆಯೇ, 1975ರಲ್ಲಿ, ಕ್ರೀಡಾಂಗಣ ಸುರಕ್ಷತೆಯ ಶಾಸನ ಬಂದಿತು. ಮೊದಲಿಗೆ ಅದು ದೊಡ್ಡ ಅಂಗಣಗಳಿಗೆ ಮಾತ್ರ ಅನ್ವಯಿಸಿತು. ಚಿಕ್ಕ ತಂಡವಾದ ಬ್ರಾಡ್‌ಫರ್ಡಿನ ಅಂಗಣ ಅದರ ಹೊರಗುಳಿಯಿತು. ಅಲ್ಲಿ ಹಳೆಯ ಮರದ ಗ್ಯಾಲರಿ. ಹಲಗೆಗಳ ಕೆಳಗೆ ವರ್ಷಾನುಗಟ್ಟಲೆಯ ಕಾಗದ ಕಸ. ಸಿಗರೇಟಿನ ಕಿಡಿಯೊಂದು ಸಾಕು ಎಂದು ಹಿಂದಿನ ವರ್ಷವೇ ಸ್ಥಳೀಯ ಆಡಳಿತದವರ ಎಚ್ಚರಿಕೆಯ ಕಾಗದ ಬಂದಿತ್ತು. 1985ರ ಮೇ 11ರಂದು ಬೆಂಕಿ ಹತ್ತಿ ಕೆಲವೇ ನಿಮಿಷಗಳಲ್ಲಿ ಗ್ಯಾಲರಿ ಪೂರ್ತಿ ಉರಿಯಿತು. 56 ಮಂದಿ ಸತ್ತರು. ಹಿಂದುಗಡೆಯ ಬಾಗಿಲುಗಳಲ್ಲಿ ಹಲವು ಬೀಗ ಹಾಕಿದ್ದುವು. ಹಣ ಕೊಡದೆ ಯಾರೂ ಒಳಗೆ ಬರಬಾರದಲ್ಲ! ಹೊಸ ಛಾವಣಿಗೆ ತರಿಸಿದ ಉಕ್ಕು ಅಲ್ಲಿಯೇ ಬಿದ್ದಿತ್ತು.

ಮುಂದಿನದು ಷೆಫೀಲ್ಡ್ ನಗರದ ಹಿಲ್ಸ್‌ಬರೊ, 1989ರ ಏಪ್ರಿಲ್ 15. ಇದನ್ನು ತರಗತಿಯ ಲೆಕ್ಕದಂತೆ ಬಿಡಿಸಬಹುದು. ಒಂದು ಕಡೆಯ ನಿಲುಗಟ್ಟೆಗಳಿಗೆ ಟಿಕೀಟು ಕೊಂಡವರು 10,100 ಮಂದಿ; ಅವರಿಗಾಗಿ ಇದ್ದ ತಿರುಗುಬಾಗಿಲುಗಳು ಏಳು. ಇಂಗ್ಲೆಂಡಿನ ಇಂದಿನ ಸುರಕ್ಷತಾ ಕೈಪಿಡಿಯ ಪ್ರಕಾರ ಒಂದು ತಿರುಗುಬಾಗಿಲಿನಿಂದ ಗಂಟೆಗೆ ಹೆಚ್ಚೆಂದರೆ 660 ಮಂದಿಯನ್ನು ಲೆಕ್ಕಕ್ಕೆ ಹಿಡಿಯಬಹುದು. ಏಳಕ್ಕೆ 4,620. ಅಂದರೆ ಎಲ್ಲರೂ ಒಳಗಾಗಲು ಎರಡು ಗಂಟೆಯ ಮೇಲೆ ಹನ್ನೊಂದು ನಿಮಿಷ ಬೇಕು, ಅದೂ ಒಂದು ಕ್ಷಣ ಬಿಡುವಿಲ್ಲದೆ ಜನ ಸಮನಾಗಿ ಬರುತ್ತಿದ್ದರೆ. ಮೂರು ಗಂಟೆಯ ಆಟಕ್ಕೆ ಜನ ಹಾಗೆ ಬರುವರೆ? ಎರಡೂವರೆಯ ಹೊತ್ತಿಗೆ ಹೊರಗೆ ನೂಕಾಟ ಮಿತಿಮೀರಿತು. ಎರಡು ಗಂಟೆ ಐವತ್ತೆರಡು ನಿಮಿಷಕ್ಕೆ ಪೋಲೀಸರು ಹೊರಹೋಗುವ ದೊಡ್ಡ ಬಾಗಿಲೊಂದನ್ನು ತೆರೆಸಿದರು. ಒಳಬಂದವರ ಎದುರಿಗೇ ಕಾಣುತ್ತಿದ್ದ ಸುರಂಗದಾರಿ ನಡುವಿನ ಎರಡು ಕಟ್ಟೆಗಳಿಗೆ ಒಯ್ಯುತ್ತಿತ್ತು. ಅವು ಆಗಲೇ ತುಂಬಿದ್ದುವು. ಅಕ್ಕಪಕ್ಕದ ಕಟ್ಟೆಗಳಲ್ಲಿ ಜಾಗವಿತ್ತು. ಸುರಂಗಕ್ಕೆ ಅಡ್ಡ ನಿಂತು, ಅತ್ತ ಹೋಗಿ ಎಂದು ಕೈತೋರಿಸುವ ಒಬ್ಬ ಮನುಷ್ಯನಿರಲಿಲ್ಲ. ಬಾಗಿಲಿನ ಎಣಿಕೆಯಂತ್ರಗಳಿಂದ ಆ ಬದಿಯ ಒಟ್ಟು ಸಂಖ್ಯೆ ತಿಳಿಯುತ್ತಿತ್ತು; ಒಂದೊಂದು ಕಟ್ಟೆಯಲ್ಲಿ ಎಷ್ಟು ಜನರೆಂದು ತಿಳಿಯುತ್ತಿರಲಿಲ್ಲ. ಆ ದಿನದ ನೂಕುನುಗ್ಗಲಿನಿಂದ ಸತ್ತವರ ಲೆಕ್ಕ ಕಡೆಗೆ 97ಕ್ಕೆ ಮುಟ್ಟಿತು. ತಪ್ಪು ಪ್ರೇಕ್ಷಕರದಲ್ಲವೆಂದು ನ್ಯಾಯಸ್ಥಾನದ ಪಂಚರು ಹೇಳಿದ್ದು 2016ರಲ್ಲಿ, ಇಪ್ಪತ್ತೇಳು ವರ್ಷಗಳಾದ ಮೇಲೆ.

ನ್ಯಾಯಮೂರ್ತಿ ಟೇಲರ್ ಅವರ ಕೊನೆಯ ವರದಿ 1990ರ ಜನವರಿಯಲ್ಲಿ ಬಂದಿತು, 76 ಶಿಫಾರಸುಗಳು. ನಿಂತು ನೋಡುವ ಕಟ್ಟೆಗಳು ಹೋಗಿ ದೊಡ್ಡ ಅಂಗಣಗಳಲ್ಲೆಲ್ಲ ಆಸನಗಳು ಬಂದುವು. ಅದಕ್ಕಿಂತ ಮುಖ್ಯವಾದ ಬದಲಾವಣೆ ಕಣ್ಣಿಗೆ ಬೀಳುವಂಥದಲ್ಲ. ಪ್ರತಿ ಅಂಗಣಕ್ಕೂ ಹೊಣೆ ಹೊತ್ತ ಸುರಕ್ಷತಾಧಿಕಾರಿಯೊಬ್ಬ ಬೇಕಾಯಿತು. ಪಂದ್ಯದ ದಿನ ದಾರಿ ತೋರುವ ಕೂಲಿಯವನಿಗೂ ತರಬೇತಿ, ಪರೀಕ್ಷೆ, ಯೋಗ್ಯತಾಪತ್ರ ಬಂದುವು. ಅಮೆರಿಕದಲ್ಲೂ ಮ್ಯಾನೇಜರುಗಳ ಆ ಹಳೆಯ ಸಂಘ 1987ರಲ್ಲಿ ಪಶ್ಚಿಮ ವರ್ಜೀನಿಯದ ವೀಲಿಂಗ್ ಎಂಬಲ್ಲಿ ಕೆಲಸದಲ್ಲಿರುವವರಿಗಾಗಿಯೇ ಒಂದು ಶಾಲೆ ತೆರೆಯಿತು. ಯೂರೋಪಿನಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆಯ ನೆರವಿನಿಂದ ಮೂರು ದೇಶಗಳ ವಿಶ್ವವಿದ್ಯಾನಿಲಯಗಳು ಸೇರಿ 2000ದಿಂದ ಒಂದು ಪದವಿ ನಡೆಸುತ್ತಿವೆ: ಇಂಗ್ಲೆಂಡಿನಲ್ಲಿ ಕ್ರೀಡೆಯ ಇತಿಹಾಸ, ಇಟಲಿಯಲ್ಲಿ ಆಡಳಿತ, ಸ್ವಿಟ್ಜರ್ಲೆಂಡಿನಲ್ಲಿ ಕಾನೂನು. ಮೊದಲ ಪಾಠ ಇತಿಹಾಸವೆಂಬುದು ನಮ್ಮಂಥವರಿಗೆ ಸಂತೋಷದ ವಿಷಯ.

ಹಣದ ಎಣಿಕೆ, ತಲೆಯ ಎಣಿಕೆ ಎರಡೂ ಒಂದೇ ಎಂದು ಒಪ್ಪಿಕೊಂಡ ಸೂತ್ರ ಆ ಸುರಕ್ಷತಾ ಕೈಪಿಡಿಯಲ್ಲೇ ಇದೆ. ಒಂದು ಅಂಗಣಕ್ಕೆ ಎಷ್ಟು ಟಿಕೀಟು ಮಾರಬಹುದು? ಕುರ್ಚಿಗಳ ಸಂಖ್ಯೆಯಷ್ಟು ಎಂದು ನಾವು ನೀವು ಹೇಳಿಬಿಡುತ್ತೇವೆ. ಕೈಪಿಡಿ ಹಾಗೆ ಹೇಳುವುದಿಲ್ಲ. ಎಷ್ಟು ಮಂದಿ ಹಿಡಿಸುತ್ತಾರೆ, ಒಂದು ಗಂಟೆಯಲ್ಲಿ ಎಷ್ಟು ಮಂದಿ ಒಳಗೆ ಬರಬಲ್ಲರು, ಎಂಟು ನಿಮಿಷದಲ್ಲಿ ಎಷ್ಟು ಮಂದಿ ಹೊರಗೆ ಹೋಗಬಲ್ಲರು, ಅಪಾಯ ಒದಗಿದರೆ ಎಷ್ಟು ಮಂದಿ ಪಾರಾಗಬಲ್ಲರು, ಈ ನಾಲ್ಕರಲ್ಲಿ ಅತ್ಯಂತ ಚಿಕ್ಕ ಸಂಖ್ಯೆಯೇ ಆ ಅಂಗಣದ ಮಿತಿ. ಹಿಡಿಸುವವರ ಲೆಕ್ಕದಲ್ಲಿಯೂ ಕಟ್ಟಡದ ಸ್ಥಿತಿಗೊಂದು, ಉಸ್ತುವಾರಿಯ ಗುಣಕ್ಕೊಂದು ಅಂಕವಿಟ್ಟು ತಗ್ಗಿಸುತ್ತಾರೆ. ಮೂವತ್ತು ಸಾವಿರ ಮಂದಿ ಹಿಡಿಸುವ ಅಂಗಣಕ್ಕೆ ಉಸ್ತುವಾರಿಯಲ್ಲಿ ಹತ್ತಕ್ಕೆ ಎಂಟೇ ಅಂಕ ಸಿಕ್ಕಿದರೆ ಇಪ್ಪತ್ತನಾಲ್ಕು ಸಾವಿರ ಟಿಕೀಟಿಗಿಂತ ಹೆಚ್ಚು ಮಾರುವಂತಿಲ್ಲ. ಆರು ಸಾವಿರ ಕುರ್ಚಿಗಳು ಖಾಲಿ. ತರಬೇತಿಯಿಲ್ಲದ ಆಳನ್ನು ಬಾಗಿಲಿಗೆ ನಿಲ್ಲಿಸಿದರೆ ಎಷ್ಟು ನಷ್ಟವೆಂದು ಹೀಗೆ ರೊಕ್ಕದ ಲೆಕ್ಕದಲ್ಲಿಯೇ ತೋರಿಸಿದ ಮೇಲೆ ಒಡೆಯರಿಗೆ ಅರ್ಥವಾಗದಿರುವುದು ಕಷ್ಟ.

ನಮ್ಮ ದೇಶದಲ್ಲಿ ಕ್ರೀಡೆಯ ವಿದ್ಯಾಲಯಗಳು ಇಲ್ಲವೆಂದಲ್ಲ. ಒಮ್ಯಾಲಿ ಕಾಗದ ಬರೆದ ಅದೇ 1957ರಲ್ಲಿ ಗ್ವಾಲಿಯರಿನಲ್ಲಿ ಲಕ್ಷ್ಮೀಬಾಯಿ ವ್ಯಾಯಾಮ ಶಿಕ್ಷಣ ಕಾಲೇಜು ಹುಟ್ಟಿತು. 1961ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾಸಂಸ್ಥೆ. ಒಂದು ವ್ಯಾಯಾಮದ ಉಪಾಧ್ಯಾಯರನ್ನು, ಇನ್ನೊಂದು ಆಟ ಕಲಿಸುವ ಗುರುಗಳನ್ನು ತಯಾರುಮಾಡಿತು. ಅಂಗಣ ನಡೆಸುವವರು ಮಾತ್ರ ಸಂಘಗಳ ಗೌರವ ಕಾರ್ಯದರ್ಶಿಗಳಾಗಿಯೇ ಉಳಿದರು. ಅವರ ಸೇವೆ ಸಣ್ಣದಲ್ಲ. ಬೆಂಗಳೂರಿನ ಕ್ರಿಕೆಟ್ ಅಂಗಣಕ್ಕೆ ಹೆಸರು ಕೊಟ್ಟ ಎಂ. ಚಿನ್ನಸ್ವಾಮಿಯವರು ವೃತ್ತಿಯಿಂದ ವಕೀಲರು. ದಶಕಗಳ ಕಾಲ ರಾಜ್ಯದ ಕ್ರಿಕೆಟ್ ಸಂಸ್ಥೆಗೆ ದುಡಿದವರು. ಆ ಅಂಗಣದಲ್ಲಿ 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ತಂಡದೊಡನೆ ಮೊದಲ ಟೆಸ್ಟ್ ಪಂದ್ಯ ನಡೆದಾಗ ಅದನ್ನು ಕಟ್ಟಿಸಿದ ಉತ್ಸಾಹಕ್ಕೆ ಇಡೀ ನಾಡು ತಲೆದೂಗಿತು. ಆದರೆ ಉತ್ಸಾಹ ಒಂದು, ಜನಸಂದಣಿ ಇನ್ನೊಂದು. ಕೊಲ್ಕತ್ತಾದ ಈಡನ್ ಗಾರ್ಡನ್ಸಿನಲ್ಲಿ 1980ರ ಆಗಸ್ಟ್ 16ರಂದು ಫುಟ್‌ಬಾಲ್ ಪಂದ್ಯದ ಗಲಭೆಯಲ್ಲಿ 16 ಮಂದಿ ಸತ್ತರು. ಇಂದು ಅದೇ ನಗರದ ಸಮಾಜ ಕಲ್ಯಾಣ ಮತ್ತು ವಾಣಿಜ್ಯಾಡಳಿತ ಸಂಸ್ಥೆಯಲ್ಲಿ ಕ್ರೀಡಾಡಳಿತವನ್ನು ಪಠ್ಯವಾಗಿ ಕಲಿಸುತ್ತಾರೆ. ಬೇರೆಡೆಗಳಲ್ಲೂ ಅಂಥ ತರಗತಿಗಳು ತೆರೆದಿವೆ.

ಬೆಂಗಳೂರಿನ ಸಂಗತಿ ನಿಮಗೆ ಗೊತ್ತಿರುವುದೇ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ನಮ್ಮ ನಗರದ ತಂಡ ಹದಿನೆಂಟು ವರ್ಷ ಕಾದ ಕಪ್ಪನ್ನು ಗೆದ್ದಿತು. ಮರುದಿನವೇ ಚಿನ್ನಸ್ವಾಮಿ ಅಂಗಣದಲ್ಲಿ ಅಭಿನಂದನೆಯೆಂದು ಸುದ್ದಿ ಹಬ್ಬಿತು. ಸುಮಾರು 35,000 ಮಂದಿ ಹಿಡಿಸುವ ಅಂಗಣದ ಸುತ್ತ ಲಕ್ಷಗಟ್ಟಲೆ ಜನ. ಪಾಸು ಬೇಕೋ ಬೇಡವೋ ಎಂಬುದರಲ್ಲಿ ಗೊಂದಲ. ಬಾಗಿಲುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಸತ್ತರು, ಹೆಚ್ಚಿನವರು ಹರೆಯದವರು. ಸಿನ್ಸಿನಾಟಿಯ ಬಾಗಿಲಲ್ಲಿ ಸತ್ತವರ ಸಂಖ್ಯೆಯೂ ಅದೇ ಎಂಬುದನ್ನು ಬರೆಯುವಾಗ ಕೈ ತಡೆಯುತ್ತದೆ.

ನಿವೃತ್ತ ನ್ಯಾಯಮೂರ್ತಿ ಮೈಕೇಲ್ ಡಿ'ಕುನ್ಹಾ ಅವರ ಆಯೋಗ ಜುಲೈ ತಿಂಗಳಲ್ಲಿ ವರದಿ ಕೊಟ್ಟಿತು. ಇಷ್ಟು ದೊಡ್ಡ ಜನಸಂದಣಿಗೆ ಆ ಅಂಗಣದ ರಚನೆಯೇ ಒಗ್ಗದೆಂದು ಅದು ಹೇಳಿತು: ಬಾಗಿಲುಗಳು ಸಾಲವು, ಸರದಿಯಲ್ಲಿ ನಿಲ್ಲುವವರು ಕಾಲುದಾರಿಯಲ್ಲೋ ರಸ್ತೆಯಲ್ಲೋ ನಿಲ್ಲಬೇಕು. ಮುಂದೆ ಇಂಥ ಕೂಟಗಳು ನಡೆಯುವ ಜಾಗಕ್ಕೆ ಇರಬೇಕಾದುವೆಂದು ಆಯೋಗ ಹೇಳಿದ ವಸ್ತುಗಳು ಇವು: ರಸ್ತೆಯಿಂದ ಹಿಂದೆ ಸರಿದಂತೆ ಸಾಲು ನಿಲ್ಲುವ ಜಾಗ, ಜನಕ್ಕೆ ತಕ್ಕಷ್ಟು ಬಾಗಿಲು, ರೈಲು ಬಸ್ಸುಗಳ ಸಂಪರ್ಕ, ವಾಹನ ನಿಲ್ಲಿಸುವ ವ್ಯವಸ್ಥೆ, ಅಪಾಯದ ವೇಳೆ ಜನರನ್ನು ಹೊರಗೆ ಕಳುಹಿಸುವ ಯೋಜನೆ.